ಗೆರೆ ಬೀಳುವ ಹೊತ್ತು

"ಇಲ್ಲಿ ನೋಡಿ, ಇಲ್ಲಿ. ಸತ್ತೇ ಹೋಯ್ತು," ಎಂದು ಜಾಹೀರಾತು ವಿಭಾಗದವನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿದ್ದಿದ್ದ ಕೆಂಪು ಗೆರೆಗೆ ಬೆರಳು ಒತ್ತಿದ. ಗೆರೆ ಅವನ ಉಗುರಿನ ಮೇಲೂ ಬಿತ್ತು.

ಆ ಗೆರೆ ಎಳೆದವನು ಮೇಜಿನ ತುದಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದ. ಚಾನೆಲ್ಲಿನಲ್ಲಿ ಅವನಿಗೆ ಗ್ರಾಫಪ್ಪ ಎಂದೇ ಹೆಸರು. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದವರು ಈಗ ಎದುರಿಗೇ ಅನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ. ಯಾವ ನಿಮಿಷದಲ್ಲಿ ಎಷ್ಟು ಮನೆಗಳ ಟೀವಿಯಲ್ಲಿ ಯಾವ ಚಾನೆಲ್ ಓಡುತ್ತಿತ್ತು ಎಂಬ ಅಂಕಿಗಳು ವಾರಕ್ಕೊಮ್ಮೆ ಬರುತ್ತವೆ. ಅವನ್ನು ಗೆರೆಯಾಗಿ ಎಳೆದು, ಗೆರೆ ಏಕೆ ಎದ್ದಿತು, ಏಕೆ ಬಿದ್ದಿತು ಎಂದು ಹೇಳುವುದು ಅವನ ಕೆಲಸ. ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವುದು ಇಷ್ಟು ದಿನ ಯಾರ ಕೆಲಸವೂ ಆಗಿರಲಿಲ್ಲ.

ಇವತ್ತು ಹಾಕಿಕೊಂಡಿದ್ದರು.

"ಬೇರೆ ಧಾರಾವಾಹಿ ಮುಗಿದ್ರೆ ಟೀವಿ ತನ್ನ ಪಾಡಿಗೆ ಓಡ್ತಿರತ್ತೆ," ಎಂದ ಜಾಹೀರಾತಿನವನು. "ಜನ ತರಕಾರಿ ಹೆಚ್ತಾರೆ, ಫೋನಲ್ಲಿ ಮಾತಾಡ್ತಾರೆ, ಮಕ್ಕಳಿಗೆ ಬಯ್ತಾರೆ. ಟೀವಿ ಓಡ್ತಿರತ್ತೆ. ನಮಗೆ ಬೇಕಾಗಿರೋದು ಅಷ್ಟೇ ತಾನೇ? ಏಳೂವರೆದು ಮುಗಿದ ತಕ್ಷಣ ಜನ ಎದ್ದು ಆಫ್ ಮಾಡ್ಬಿಡ್ತಾರೆ. ಎಂಟು ಗಂಟೆ ಶೋಗೆ ನಾನು ಯಾರನ್ನ ತೋರಿಸಿ ಜಾಹೀರಾತು ಕೇಳ್ಲಿ? ಕತ್ತಲೆನಾ?"

ಎಲ್ಲರೂ ನಕ್ಕರು. ಗ್ರಾಫಪ್ಪನ ಮುಖವೂ ನಕ್ಕಿತು. ಅದು ಅವನನ್ನು ಕೇಳಿ ಏನನ್ನೂ ಮಾಡುತ್ತಿರಲಿಲ್ಲ.

ಏಳೂವರೆಯ ಧಾರಾವಾಹಿಗೆ ಕತೆ ಎಂಬುದು ಇದ್ದದ್ದೇ ಸ್ವಲ್ಪ. ಕಾಣೆಯಾಗಿದ್ದ ಗಂಡ ಆರು ವರ್ಷದ ಮೇಲೆ ಒಂದು ಬೆಳಿಗ್ಗೆ ಮನೆಗೆ ಬರುತ್ತಾನೆ. ಬಟ್ಟೆ ಹೊಲಿದು ಬದುಕುತ್ತಿದ್ದ ಹೆಂಡತಿ ಬಾಗಿಲು ತೆಗೆದು, ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಒಳಗೆ ಬನ್ನಿ ಎನ್ನುತ್ತಾಳೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವುದಿಲ್ಲ. ಅವತ್ತು ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ಧಾರಾವಾಹಿ ಒಂದು ವರ್ಷ ದಾಟಿದರೂ ಇನ್ನೂ ಕೇಳಿಲ್ಲ. ಕೆನ್ನೆಗೆ ಹೊಡೆದದ್ದನ್ನು ಮೂರು ಸಲ ತೋರಿಸುವುದಿಲ್ಲ, ಹಾಲಿನಲ್ಲಿ ವಿಷ ಇಲ್ಲ, ಸತ್ತವರು ಎದ್ದು ಬರುವುದಿಲ್ಲ. ಪತ್ರಿಕೆಗಳು ಹೊಗಳಿದವು. ಪ್ರಶಸ್ತಿ ಬಂತು, ಅದನ್ನು ಕೆಳಗಡೆ ಸ್ವಾಗತದ ಮೇಜಿನ ಹಿಂದೆ, ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟಿದ್ದಾರೆ. ನೋಡುವವರು ಫೋನಿನಲ್ಲಿ ಒಂದು ಬಳಗ ಕಟ್ಟಿಕೊಂಡು, ದಿನವೂ ಆ ಹೆಂಗಸಿಗೆ ಬುದ್ಧಿ ಹೇಳುತ್ತಿದ್ದರು.

"ನಮ್ಮ ಗ್ರಾಫಪ್ಪ ಇಲ್ದೇ ಇದ್ದಿದ್ರೆ ಇದು ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ," ಎಂದರು ಕಾರ್ಯಕ್ರಮದ ಮುಖ್ಯಸ್ಥರು. "ಒಳ್ಳೇ ಕೆಲಸ."

ಹೋದ ತಿಂಗಳು ಇದೇ ಕೋಣೆಯಲ್ಲಿ, ಇದೇ ಗೆರೆಯನ್ನು ಅವನೇ ತೋರಿಸಿದ್ದ. ಹೊಗಳಿಕೆ ಎಂದು ತೋರಿಸಿದ್ದ. ಎರಡು ರಾತ್ರಿ ಕೂತು ಬೇರೆ ಎಲ್ಲ ಧಾರಾವಾಹಿಗಳ ಗೆರೆಯನ್ನೂ ಪಕ್ಕದಲ್ಲಿಟ್ಟು, "ನೋಡಿ, ಇದೊಂದೇ ಮುಗಿದಾಗ ಜನ ಟೀವಿ ಆರಿಸ್ತಾರೆ. ಇದಾದ ಮೇಲೆ ಅವರಿಗೆ ಬೇರೆ ಏನೂ ಬೇಡ. ಇಂಥ ಪ್ರೇಕ್ಷಕರು ಯಾರಿಗೂ ಸಿಗಲ್ಲ," ಎಂದಿದ್ದ. ಎಲ್ಲರೂ ತಲೆದೂಗಿದ್ದರು. ಜಾಹೀರಾತಿನವನು ಮಾತ್ರ, ಆ ಹಾಳೆ ನನಗೊಂದು ಕಳಿಸಿ ಎಂದಿದ್ದ. ಮೆಚ್ಚಿಕೊಂಡು ಕೇಳಿದ ಎಂದು ಇವನು ಅವತ್ತೇ ಕಳಿಸಿದ್ದ.

"ಹಾಗಾದ್ರೆ ಮಂಗಳ ಹಾಡೋಣ," ಎಂದರು ಮುಖ್ಯಸ್ಥರು. "ಹನ್ನೆರಡು ಕಂತು ಕೊಡೋಣ. ಅವನಿಗೆ ತಲೆಗೆ ಪೆಟ್ಟು ಬಿದ್ದು ನೆನಪು ಹೋಗಿತ್ತು ಅಂದ್ಬಿಡ್ಲಿ. ಜನ ಒಪ್ತಾರೆ. ಹೋಗಿ ಬರಹಗಾರ್ತಿಗೆ ತಿಳಿಸಿ."

"ಯಾರು?" ಎಂದ ಗ್ರಾಫಪ್ಪ.

"ನೀವೇ. ಗೆರೆ ನಿಮ್ಮದು, ವಿವರಿಸೋಕೆ ನಿಮಗೇ ಬರೋದು."

ಈಗ ಏನಾದರೂ ಅನ್ನಬೇಕು ಎಂದು ಅವನಿಗೆ ಗೊತ್ತಿತ್ತು. ಅನ್ನಬೇಕಾದ ವಾಕ್ಯವೂ ಸಿದ್ಧವಾಗಿತ್ತು. ಅದು ಬಾಯಿಗೆ ಬರುವಷ್ಟರಲ್ಲಿ ಕುರ್ಚಿಗಳು ಹಿಂದೆ ಸರಿದವು.

ಲಿಫ್ಟಿನಲ್ಲಿ ಜಾಹೀರಾತಿನವನು ಅವನ ಭುಜ ತಟ್ಟಿದ. "ಬೇಜಾರ್ ಮಾಡ್ಕೋಬೇಡ್ರೀ. ನಮ್ಮನೇಲೂ ಅದನ್ನೇ ನೋಡೋದು. ನನಗೇ ಒಂದೊಂದು ಸಲ ಕಣ್ಣಲ್ಲಿ ನೀರು ಬರತ್ತೆ."

"ಮುಗಿದ ಮೇಲೆ?"

"ಮುಗಿದ ಮೇಲೆ ಏನು?"

"ಆಫ್ ಮಾಡ್ತೀರಾ?"

ಜಾಹೀರಾತಿನವನು ಮೇಲೆ ಅಂಕಿಗಳು ಬದಲಾಗುವುದನ್ನು ನೋಡಿದ. "ನಮ್ಮವಳು ಮಾಡ್ತಾಳೆ," ಎಂದ.

ಆಫೀಸಿನ ಕಾರು ಊರ ಹೊರಗಿನ ಸ್ಟುಡಿಯೋ ಕಡೆ ಹೊರಟಿತು. ಚಾಲಕನಿಗೆ ಮಾತು ಬೇಕಿರಲಿಲ್ಲ, ಅದಕ್ಕೆ ಗ್ರಾಫಪ್ಪ ಋಣಿಯಾಗಿದ್ದ. ಒಂದು ಕಾಲದಲ್ಲಿ ಅವನು ಮನಃಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದ್ದವನು. ವಿಷಯ: ಗಂಡ ಹೆಂಡಿರ ಮಾತಿನ ನಡುವೆ ಬೀಳುವ ಮೌನ. ಬೇರೆಯವರ ಮನೆಗಳಿಗೆ ಹೋಗಿ ಅವರು ಎಷ್ಟು ಹೊತ್ತು ಸುಮ್ಮನಿದ್ದರು ಎಂದು ಅಳೆದುಕೊಂಡು ಬರುತ್ತಿದ್ದ. ಪ್ರಬಂಧ ಅರ್ಧಕ್ಕೇ ನಿಂತಿತು, ಮದುವೆಯಾಯಿತು. ಅಲ್ಲಿಂದ ಮುಂದೆ ಹೊರಗೆ ಹೋಗಿ ಅಳೆಯುವ ಅಗತ್ಯ ಬೀಳಲಿಲ್ಲ ಎಂದು ಅವನು ಗೆಳೆಯರ ಮುಂದೆ ತಮಾಷೆ ಮಾಡುವುದುಂಟು. ಹೆಂಡತಿಯ ಮುಂದೆ ಮಾಡಿರಲಿಲ್ಲ.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಜನರನ್ನು ಕತ್ತಲ ಕೋಣೆಯಲ್ಲಿ ಕೂರಿಸಿ, ಕಣ್ಣ ಮುಂದೆ ಗಾಜು ಬದಲಿಸುತ್ತ, "ಇದು ಸ್ಪಷ್ಟವಾ? ಇದಾ? ಮೊದಲನೇದಾ, ಎರಡನೇದಾ?" ಎಂದು ಇಡೀ ದಿನ ಕೇಳುತ್ತಾಳೆ. ಮನೆಯಲ್ಲಿ ಏನನ್ನೂ ಕೇಳುವುದಿಲ್ಲ.

ಎರಡು ವರ್ಷದ ಹಿಂದೆ ಅವಳು ಒಂದು ಸೂಟ್‌ಕೇಸ್ ತುಂಬಿಕೊಂಡು ತಂಗಿಯ ಮನೆಗೆ ಹೋದಳು. "ಸ್ವಲ್ಪ ದಿನ ಇದ್ದು ಬರ್ತೀನಿ," ಎಂದಳು. ಜಗಳ ಆಗಿರಲಿಲ್ಲ, ಜಗಳ ಆಗುವಷ್ಟು ಮಾತು ಅವರಲ್ಲಿ ಇರಲಿಲ್ಲ. ಸ್ವಲ್ಪ ದಿನ ನಾಲ್ಕು ತಿಂಗಳಾಯಿತು. ನಾದಿನಿಗೆ ಮೈ ಸರಿಯಿಲ್ಲ ಎಂದು ಅವನು ನೆಂಟರಿಗೆ ಹೇಳಿದ, ಹೇಳಿ ಹೇಳಿ ಅವನಿಗೇ ನಾದಿನಿಯ ಬಗ್ಗೆ ಚಿಂತೆ ಹತ್ತಿಕೊಂಡಿತು. ಆಮೇಲೆ ಒಂದು ಸಾಮಾನ್ಯ ಸಂಜೆ ಅದೇ ಸೂಟ್‌ಕೇಸ್ ಹಿಡಿದು ಅವಳು ಬಾಗಿಲಲ್ಲಿ ನಿಂತಿದ್ದಳು. ಯಾಕೆ ಹೋದೆ, ಯಾಕೆ ಬಂದೆ, ಇನ್ನು ಇರ್ತೀಯಾ ಎಂದು ಕೇಳಬೇಕಾದವನು, "ಊಟ ಆಯ್ತಾ?" ಎಂದು ಕೇಳಿದ. "ಆಯ್ತು," ಎಂದಳು. ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದಳು. ಅದರಲ್ಲಿದ್ದ ಬಟ್ಟೆಗಳಲ್ಲಿ ಅರ್ಧ ಇನ್ನೂ ಅಲ್ಲೇ ಇವೆ.

ಅದಾದ ಮೇಲೆ ಏಳೂವರೆಯ ಧಾರಾವಾಹಿ ಶುರುವಾಯಿತು. ಮೊದಲ ದಿನ ಅವರಿಬ್ಬರೂ ಅಕಸ್ಮಾತ್ತಾಗಿ ಒಂದೇ ಕೋಣೆಯಲ್ಲಿದ್ದರು. ಟೀವಿಯಲ್ಲಿ ಬಾಗಿಲು ತೆರೆಯಿತು, ಹೊಲಿಗೆಯವಳು ಒಳಗೆ ಬನ್ನಿ ಎಂದಳು, ಕಂತು ಮುಗಿಯಿತು. ಹೆಂಡತಿ ಎದ್ದು ಟೀವಿ ಆರಿಸಿದಳು. ಆರಿಸಿ, ಬೆನ್ನು ಅವನ ಕಡೆಗಿರುವಾಗಲೇ, "ಅವಳು ಯಾಕೆ ಕೇಳ್ಲಿಲ್ಲ ಅಂತೀರಿ?" ಎಂದಳು.

ಹೀಗೆ ಶುರುವಾದದ್ದು. ಅವತ್ತಿನಿಂದ ದಿನವೂ ಟೀವಿ ಆರಿದ ಮೇಲೆ ಹತ್ತು ನಿಮಿಷ, ಹೆಚ್ಚೆಂದರೆ ಕಾಲು ಗಂಟೆ. ಅವಳಿಗೆ ಹೆದರಿಕೆ ಇರಬೇಕು ಎಂದು ಇವನು. ಹೆದರಿಕೆ ಅಲ್ಲ, ಕೇಳಿಸಿಕೊಳ್ಳೋ ಮನಸ್ಸಿದೆ ಅಂತ ಅವಳು ತೋರಿಸಬೇಕಲ್ಲ ಎಂದು ಅವಳು. ಹೋದವನೇ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಎಂದು ಇವನು. ಕೇಳದೇ ಇದ್ದರೆ ಹೇಗೆ ಹೇಳೋದು ಎಂದು ಅವಳು. ಯಾರ ಮಾತನ್ನು ಆಡುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದೆ ಎಂದು ಇಬ್ಬರೂ ತೋರಿಸಿಕೊಳ್ಳುತ್ತಿರಲಿಲ್ಲ. ಆ ಹತ್ತು ನಿಮಿಷದ ಅಂಚಿನಲ್ಲಿ ಎಲ್ಲೋ ನಿಜವಾದ ಪ್ರಶ್ನೆ ಕಾಯುತ್ತ ಕೂತಿತ್ತು. ಇವತ್ತು ಕೇಳಿಬಿಡಬಹುದು ಎಂದು ದಿನವೂ ಅನಿಸುತ್ತಿತ್ತು. ನಾಳೆ ಕೇಳಿದರಾಯಿತು ಎಂದೂ ಅನಿಸುತ್ತಿತ್ತು, ಏಕೆಂದರೆ ನಾಳೆಯೂ ಧಾರಾವಾಹಿ ಇತ್ತು.

ತನ್ನ ಮನೆಯಲ್ಲಿ ಟೀವಿ ಆರುತ್ತದೆ ಎಂಬ ಕಾರಣಕ್ಕೇ ಅವನು ಬೇರೆ ಮನೆಗಳಲ್ಲೂ ಆರುತ್ತದೆಯೇ ಎಂದು ನೋಡಲು ಹೊರಟದ್ದು. ಆರುತ್ತಿತ್ತು. ಎಂಟು ಗಂಟೆಗೆ ಗೆರೆ ಕತ್ತರಿಸಿದ ದಾರದ ಹಾಗೆ ಬೀಳುತ್ತಿತ್ತು. ಅದನ್ನು ಕಂಡಾಗ, ಗುರುತಿಲ್ಲದ ಅಷ್ಟೊಂದು ಜನರ ಜೊತೆ ತಾನೂ ಇದ್ದೇನೆ ಎಂದು ಅವನಿಗೆ ಎಂದೂ ಇಲ್ಲದ ಸಂತೋಷವಾಗಿತ್ತು. ಆ ಸಂತೋಷವನ್ನು ಒಯ್ದು ಅವನು ಮೀಟಿಂಗಿನಲ್ಲಿ ಇಟ್ಟ.

ಸ್ಟುಡಿಯೋದಲ್ಲಿ ಹೊಲಿಗೆಯವಳ ಮನೆಗೆ ಮೂರೇ ಗೋಡೆ. ನಾಲ್ಕನೆಯದರ ಜಾಗದಲ್ಲಿ ತಂತಿಗಳು, ದೀಪದ ಕಂಬಗಳು, ಕಾಗದದ ಲೋಟಗಳು. ನಲ್ಲಿ ಇತ್ತು, ನೀರು ಬರುತ್ತಿರಲಿಲ್ಲ. ಕಿಟಕಿಯಾಚೆ ಬಟ್ಟೆಯ ಮೇಲೆ ಬರೆದ ಮರ. ಹೊಲಿಗೆ ಯಂತ್ರ ಮಾತ್ರ ನಿಜವಾದದ್ದು. ಆ ಪಾತ್ರ ಮಾಡುವ ನಟಿ ಒಂದು ವರ್ಷದಲ್ಲಿ ಹೊಲಿಯಲು ಕಲಿತುಬಿಟ್ಟಿದ್ದಳು. ಈಗ ಚಿತ್ರೀಕರಣದ ಬಿಡುವಿನಲ್ಲಿ ದೀಪದವನ ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತ ಕೂತಿದ್ದಳು. ಪ್ಯಾಂಟಿನ ಯಜಮಾನ ಲುಂಗಿಯಲ್ಲಿ ನಿಂತು ಕಾಯುತ್ತಿದ್ದ.

ಬರಹಗಾರ್ತಿ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ವಯಸ್ಸು ಐವತ್ತು ದಾಟಿತ್ತು. ಅಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರು ಕೂಡ.

"ಎಷ್ಟು ಕೊಟ್ಟಿದ್ದಾರೆ?" ಎಂದಳು, ಅವನು ಬಾಯಿ ತೆರೆಯುವ ಮೊದಲೇ.

"ಏನು?"

"ಕಂತು. ನಿಮ್ಮಂಥವರು ಸುಮ್ನೆ ಇಲ್ಲೀ ತನಕ ಬರೋದಿಲ್ಲ."

"ಹನ್ನೆರಡು."

ಅವಳು ಕಟ್ಟೆಯಿಂದ ಇಳಿಯಲಿಲ್ಲ. ಕಾಲು ಆಡಿಸುವುದನ್ನು ಮಾತ್ರ ನಿಲ್ಲಿಸಿದಳು. "ಹನ್ನೆರಡ್ರಲ್ಲಿ ಒಬ್ಬ ಮನುಷ್ಯನ್ನ ಮನೆ ಬಿಡಿಸಬಹುದು," ಎಂದಳು. "ವಾಪಸ್ ಕರ್ಕೊಂಡು ಬರೋಕಾಗಲ್ಲ. ಯಾಕಂತೆ? ಜನ ನೋಡ್ತಿಲ್ವಂತಾ?"

"ನೋಡ್ತಿದ್ದಾರೆ."

"ಮತ್ತೆ?"

"ನೋಡಿ ಆಫ್ ಮಾಡ್ತಿದ್ದಾರೆ. ಆಮೇಲಿನ ಕಾರ್ಯಕ್ರಮಕ್ಕೆ ಯಾರೂ ಉಳೀತಿಲ್ಲ."

ಅವಳು ಅವನು ನಿರೀಕ್ಷಿಸದಿದ್ದ ಒಂದು ಕೆಲಸ ಮಾಡಿದಳು. ಮುಖವೆಲ್ಲ ಅಗಲಿಸಿಕೊಂಡು ನಕ್ಕಳು. "ಎಲ್ರೂನಾ?"

"ಹೆಚ್ಚು ಕಮ್ಮಿ."

"ಕೇಳಿದ್ಯೇನೇ?" ಎಂದು ನಟಿಯ ಕಡೆ ಕೂಗಿದಳು. "ನಾವು ಮುಗಿದ ತಕ್ಷಣ ಟೀವಿ ಆಫ್ ಮಾಡ್ತಾರಂತೆ!" ನಟಿ ಹಲ್ಲಿನಲ್ಲಿ ದಾರ ಕಡಿದು, "ಒಳ್ಳೇದಾ, ಕೆಟ್ಟದ್ದಾ?" ಎಂದಳು.

"ಆಫ್ ಮಾಡಿ ಏನ್ಮಾಡ್ತಾರೆ?" ಎಂದಳು ಬರಹಗಾರ್ತಿ.

"ನಮಗೆ ಗೊತ್ತಾಗಲ್ಲ. ಟೀವಿ ಆರಿದ ಮೇಲೆ ನಮ್ಮ ಹತ್ರ ಅಂಕಿ ಇರಲ್ಲ."

"ಅಂಕಿ ಬಿಡಿ. ನಿಮ್ಮ ಮನೇಲಿ?"

"ಊಟ ಮಾಡ್ತೀವಿ," ಎಂದ ಗ್ರಾಫಪ್ಪ.

ಅವಳು ಅವನನ್ನು ನೋಡಿದಳು. ಮಾತು ಬದಲಿಸಲು ಅವನು, ಬೆಳಿಗ್ಗೆಯಿಂದ ತನ್ನನ್ನು ಕೊರೆಯುತ್ತಿದ್ದುದನ್ನೇ ಕೇಳಿದ. "ಆ ಗಂಡ ನಿಜವಾಗ್ಲೂ ಎಲ್ಲಿಗೆ ಹೋಗಿದ್ದ?"

"ನನಗೂ ಗೊತ್ತಿಲ್ರೀ."

"ನೀವು ಬರೆಯೋರು."

"ಅವಳು ಕೇಳೋ ಹೊತ್ತಿಗೆ ನನಗೂ ಗೊತ್ತಾಗಿರತ್ತೆ ಅಂದ್ಕೊಂಡಿದ್ದೆ. ಅವಳು ಕೇಳ್ಲಿಲ್ಲ. ಕೇಳದೇ ಇರೋದ್ರಲ್ಲೇ ಸಂಸಾರ ನಡೆದುಹೋಯ್ತು."

"ಕೇಳಿದ್ರೆ?"

"ಕೇಳಿದ್ರೆ ಅವತ್ತಿಗೆ ಮುಗಿಯತ್ತೆ. ಇಲ್ಲ ಅವತ್ತಿಂದ ಶುರುವಾಗತ್ತೆ. ಯಾವುದು ಅಂತ ಕೇಳಿದ ಮೇಲೇ ಗೊತ್ತಾಗೋದು." ಅವಳು ಕಟ್ಟೆಯಿಂದ ಇಳಿದಳು. "ಮೇಲಿನವರು ಏನಂದ್ರು? ನೆನಪು ಹೋಗಿತ್ತು ಅನ್ಬೇಕಂತಾ?"

"ತಲೆಗೆ ಪೆಟ್ಟು."

"ಪಾಪ," ಎಂದಳು ಬರಹಗಾರ್ತಿ. ಯಾರಿಗೆ ಎಂದು ಅವನಿಗೆ ತಿಳಿಯಲಿಲ್ಲ.

ಅಲ್ಲಿಗೆ ಹೊರಟು ಬರಬಹುದಿತ್ತು. ಆದರೆ ಅವಳು ಸುಮ್ಮನಾದಳು, ಮೌನವನ್ನು ಅಳೆದು ಬದುಕಿದವನಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಸಮಾಧಾನ ಮಾಡುವವನ ಧ್ವನಿಯಲ್ಲಿ ಯಂತ್ರದ ಕತೆ ಶುರುಮಾಡಿದ. ಎಣಿಸುವ ಯಂತ್ರ ಕೆಲವೇ ಮನೆಗಳಲ್ಲಿ ಇರುತ್ತದೆ, ಯಾರ ಮನೆ ಎಂದು ಹೊರಗಿನವರಿಗೆ ಗೊತ್ತಿಲ್ಲ, ಅದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ, ಟೀವಿಯ ಸದ್ದು ಕೇಳಿಸಿಕೊಂಡು ಯಾವ ಚಾನೆಲ್ ಎಂದು ಗುರುತು ಹಿಡಿಯುತ್ತದೆ.

"ಎದುರಿಗೆ ಯಾರೂ ಕೂತಿಲ್ದೇ ಇದ್ರೆ?"

"ಸದ್ದು ಇದ್ರೆ ಆಯ್ತು."

"ಸದ್ದು ಸಣ್ಣ ಮಾಡಿದ್ರೆ?"

"ಪೂರ್ತಿ ನಿಲ್ಲಿಸಿದ್ರೆ ಅದಕ್ಕೆ ಗೊತ್ತಾಗಲ್ಲ. ಸ್ವಲ್ಪ ಜೋರಾಗೇ ಇರ್ಬೇಕು."

"ಹೌದಾ," ಎಂದಳು ಬರಹಗಾರ್ತಿ. ಕಟ್ಟೆಯ ಮೇಲಿದ್ದ ಫೋನನ್ನು ಕೈಗೆ ತೆಗೆದುಕೊಂಡಳು. ಅವಳ ಮುಖ ನೋಡಿ, ಪರವಾಗಿಲ್ಲ, ಸಮಾಧಾನವಾದ ಹಾಗಿದೆ ಎಂದುಕೊಂಡ ಗ್ರಾಫಪ್ಪ.

ವಾಪಸ್ ಬರುವ ದಾರಿಯಲ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹನ್ನೆರಡು ಸಂಜೆ ಎಂದು ಅವನು ಯೋಚಿಸಿದ. ಅದಾದ ಮೇಲೆ ಏಳೂವರೆಗೆ ಬೇರೆ ಏನೋ ಬರುತ್ತದೆ, ಅದು ಮುಗಿದ ಮೇಲೂ ಟೀವಿ ಓಡುತ್ತಿರುತ್ತದೆ. ಹೆಂಡತಿ ಒಳಗಿನ ಕೋಣೆಯಲ್ಲಿರುತ್ತಾಳೆ, ತಾನು ಹೊರಗಿನ ಕೋಣೆಯಲ್ಲಿ. ಊಟ ಆಯ್ತಾ, ಆಯ್ತು. ಮಂಚದ ಕೆಳಗೆ ಸೂಟ್‌ಕೇಸ್. ಅವನಿಗೆ ನಿಜಕ್ಕೂ ಭಯವಾಯಿತು. ಅವಳು ಇನ್ನೊಮ್ಮೆ ಹೋದರೆ ತಾನು ಬಾಗಿಲ ತನಕ ಬಂದು, ಜೋಪಾನ ಎನ್ನುತ್ತೇನೆ; ಅದಕ್ಕಿಂತ ಹೆಚ್ಚಿನದು ತನ್ನಿಂದ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಆದ್ದರಿಂದ ಇವತ್ತೇ. ನಾಳೆ ಎಂಬುದನ್ನು ಬೆಳಿಗ್ಗೆಯ ಮೀಟಿಂಗ್ ತೆಗೆದುಹಾಕಿತ್ತು, ಅದರಿಂದ ಒಂದು ಉಪಕಾರವೂ ಆಗಿರಬಹುದು. ಕಂತು ಮುಗಿಯುತ್ತದೆ, ಅವಳು ಎದ್ದು ಟೀವಿ ಆರಿಸುತ್ತಾಳೆ, ಬೆನ್ನು ಈ ಕಡೆ ಇರುವಾಗ, ಅವಳು ಹೊಲಿಗೆಯವಳ ಮಾತು ತೆಗೆಯುವ ಮೊದಲು, ತಾನು ಕೇಳುತ್ತೇನೆ. ನೀನು ಯಾಕೆ ಹೋದೆ? ಬೇಡ, ಅದು ಪೊಲೀಸರು ಕೇಳಿದ ಹಾಗಿರುತ್ತದೆ. ನೀನು ಯಾಕೆ ಬಂದೆ? ಅದು ಇನ್ನೂ ಕೆಟ್ಟದು. ಕೊನೆಗೆ ಒಂದು ಸಿಕ್ಕಿತು. "ಆ ನಾಲ್ಕು ತಿಂಗಳು ನಿನಗೆ ಹೇಗಿತ್ತು?" ಇದರಲ್ಲಿ ಯಾರ ತಪ್ಪೂ ಇಲ್ಲ. ಇಷ್ಟು ಸಣ್ಣ ಪ್ರಶ್ನೆಗೆ ಎರಡು ವರ್ಷ ಬೇಕಾಯಿತೇ ಎಂದು ಅವನಿಗೆ ಆಶ್ಚರ್ಯವಾಯಿತು. ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಅದನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡ.

ಮನೆ ಮುಟ್ಟುವಾಗ ಏಳೂವರೆಗೆ ಸ್ವಲ್ಪವೇ ಉಳಿದಿತ್ತು. ಹೆಂಡತಿ ಆಗಲೇ ಸೋಫಾದ ಎಡತುದಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಫೋನು, ಅದು ಬಿಡುವಿಲ್ಲದೆ ಗುಂಯ್‌ಗುಡುತ್ತಿತ್ತು.

"ಬೇಗ ಬಂದ್ರಿ," ಎಂದಳು.

"ಹೂಂ."

ಅವನು ಕೈಕಾಲು ತೊಳೆದು ತನ್ನ ಕುರ್ಚಿಯಲ್ಲಿ ಕೂತ. ಧಾರಾವಾಹಿ ಶುರುವಾಯಿತು. ಗಂಡ ಪೇಟೆಯಿಂದ ದಾರದ ಉಂಡೆ ತಂದಿದ್ದ. ಹೊಲಿಗೆಯವಳು ಅದನ್ನು ಬೆಳಕಿಗೆ ಹಿಡಿದು, ಬಣ್ಣ ಸರಿಯಿಲ್ಲ ಎಂದಳು. ಬದಲಾಯಿಸಿಕೊಂಡು ಬರ್ತೀನಿ ಎಂದು ಅವನು ಚಪ್ಪಲಿ ಹಾಕಿಕೊಂಡ. ಬಾಗಿಲ ತನಕ ಹೋದವನನ್ನು ಅವಳು ನೋಡಿದಳು. "ಬೇಡ, ಇದೇ ಆಗತ್ತೆ," ಎಂದಳು. ಅವನು ಚಪ್ಪಲಿ ಬಿಟ್ಟ. ಇಡೀ ಅರ್ಧ ಗಂಟೆಯಲ್ಲಿ ನಡೆದದ್ದು ಇಷ್ಟೇ. ಸೋಫಾದ ತುದಿಯಿಂದ ಮೂಗು ಏರಿಸಿಕೊಂಡ ಸದ್ದು ಬಂತು. ಹನ್ನೆರಡು ಕಂತು ಎಂಬುದು ಹೊಲಿಗೆಯವಳಿಗೆ ಗೊತ್ತಿರಲಿಲ್ಲ. ಇದನ್ನು ಚಿತ್ರೀಕರಿಸಿ ಎರಡು ವಾರವಾಗಿತ್ತು.

ಕೊನೆಗೆ ಅವಳ ಮುಖ. ಮೇಲೆ ಹೆಸರುಗಳು ಓಡತೊಡಗಿದವು. ಗ್ರಾಫಪ್ಪ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತ. ಈಗ ಹೆಂಡತಿ ಎದ್ದು ಆರಿಸುತ್ತಾಳೆ.

ಅವಳು ಏಳಲಿಲ್ಲ.

ಎಂಟು ಗಂಟೆಯ ಶೋ ಶುರುವಾಯಿತು. ಗಂಡ ಹೆಂಡಿರ ಒಂದೊಂದು ಕಾಲನ್ನು ಸೇರಿಸಿ ಕಟ್ಟಿ ಓಡಿಸುವ ಆಟ ಅದು. ಬಣ್ಣದ ದೀಪಗಳು, ಡೋಲು, ಹೊಳೆಯುವ ಕೋಟಿನ ನಿರೂಪಕ. ಈ ಮನೆಯಲ್ಲಿ ಆ ಸದ್ದು ಹಿಂದೆಂದೂ ಕೇಳಿರಲಿಲ್ಲ. ಅವನು ರಿಮೋಟಿಗೆ ಕೈ ಚಾಚಿದ.

"ಇರ್ಲಿ. ಆಫ್ ಮಾಡ್ಬೇಡಿ," ಎಂದಳು ಹೆಂಡತಿ.

"ಇದನ್ನ ನೋಡ್ತೀಯಾ?"

"ನೋಡೋಕಲ್ಲ." ಅವಳು ಫೋನು ಎತ್ತಿ ತೋರಿಸಿದಳು. "ಧಾರಾವಾಹಿ ನಿಲ್ಲಿಸ್ತಾರಂತೆ. ನಾವು ಮುಗಿದ ತಕ್ಷಣ ಟೀವಿ ಆಫ್ ಮಾಡ್ತೀವಿ ಅಂತ ಅಂತೆ. ಬರೆಯೋ ಅಕ್ಕನೇ ಬಳಗಕ್ಕೆ ಹಾಕಿದ್ದಾರೆ, ಮಧ್ಯಾಹ್ನ. ಇವತ್ತಿಂದ ಯಾರೂ ಆಫ್ ಮಾಡ್ಬಾರ್ದು ಅಂತ ಆಗಿದೆ. ಒಂಬತ್ತರ ತನಕ."

ಅವನು ರಿಮೋಟನ್ನು ಇದ್ದಲ್ಲೇ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡ.

"ನಿಮಗೆ ಗೊತ್ತಿರ್ಲಿಲ್ವಾ? ನಿಮ್ಮ ಚಾನೆಲ್ಲೇ ಅಲ್ವಾ?"

"ಇವತ್ತು ಗೊತ್ತಾಯ್ತು. ಹೇಳೋಣ ಅಂತಿದ್ದೆ."

"ಯಾರೋ ನಿಮ್ಮ ಆಫೀಸಿನವನೇ ಲೆಕ್ಕ ತೆಗೆದು ತೋರಿಸಿದನಂತೆ." ಅವಳು ಅವನನ್ನು ನೋಡಿದಳು. ಕಣ್ಣು ಪರೀಕ್ಷೆ ಮಾಡುವವರ ನೋಟ, ಕಣ್ಣನ್ನು ನೋಡುತ್ತದೆಯೇ ಹೊರತು ಕಣ್ಣಿನವನನ್ನಲ್ಲ. ಆ ನೋಟ ಎಂದಿಗಿಂತ ತುಸು ಹೆಚ್ಚು ಹೊತ್ತು ನಿಂತಿತು. "ಹೆಸರು ಹೇಳಿಲ್ಲ ಅವರು."

"ನಮ್ಮನೇಲಿ ಆ ಯಂತ್ರ ಇಲ್ಲ," ಎಂದ ಅವನು. "ನಾವು ಆನ್ ಇಟ್ರೂ ಒಂದೇ, ಬಿಟ್ರೂ ಒಂದೇ."

"ಎಲ್ರೂ ಹಾಗೇ ಅಂದ್ಕೊಂಡ್ರೆ?"

"ಸೌಂಡ್ ಆದ್ರೂ ಕಮ್ಮಿ ಮಾಡೋಣ."

"ಬೇಡ. ಅದಕ್ಕೆ ಕೇಳಿಸ್ಬೇಕಂತೆ. ಜೋರಾಗೇ ಇರ್ಲಿ ಅಂದಿದ್ದಾರೆ."

ತನ್ನದೇ ಮಾತು ಸ್ಟುಡಿಯೋದಿಂದ ಹೊರಟು, ಊರೆಲ್ಲ ಸುತ್ತಿ, ತನಗಿಂತ ಮೊದಲೇ ಮನೆಗೆ ಬಂದು ಸೋಫಾದಲ್ಲಿ ಕೂತಿದೆ ಎಂದು ಅವನಿಗೆ ಅನಿಸಿತು. ನಗು ಬರಬೇಕಿತ್ತು. ಟೀವಿಯಲ್ಲಿ ಒಂದು ಜೋಡಿ ಕಾಲು ತೊಡರಿ ಬಿತ್ತು, ಜನ ಹೋ ಎಂದರು.

"ನಿಂತುಹೋಗ್ಬಾರ್ದು ಅದು," ಎಂದಳು ಹೆಂಡತಿ. ಅವಳ ಕಣ್ಣು ಟೀವಿಯ ಮೇಲಿರಲಿಲ್ಲ, ಅವನ ಮೇಲೂ ಇರಲಿಲ್ಲ. "ಅದು ನಿಂತ್ರೆ..."

"ನಿಂತ್ರೆ?"

"ಏನಿಲ್ಲ. ಅಭ್ಯಾಸ ಆಗಿಬಿಟ್ಟಿದೆ. ಮುಗಿದ ಮೇಲೆ ಒಂದ್ಹತ್ತು ನಿಮಿಷ..." ಉಳಿದದ್ದನ್ನು ಡೋಲು ನುಂಗಿತು.

ಅವಳಿಗೂ ಬೇಕಿತ್ತು. ಇಷ್ಟು ದಿನ ತಾನೊಬ್ಬನೇ ಕಾಯುತ್ತಿದ್ದೇನೆ ಎಂದುಕೊಂಡಿದ್ದ. ಆ ಹತ್ತು ನಿಮಿಷವನ್ನು ಉಳಿಸಿಕೊಳ್ಳಲೆಂದೇ ಅವಳು ಟೀವಿಯನ್ನು ಓಡಲು ಬಿಟ್ಟಿದ್ದಳು, ಓಡುವ ಟೀವಿಯ ಮುಂದೆ ಆ ಹತ್ತು ನಿಮಿಷ ಕೂರಲು ಜಾಗವಿಲ್ಲದೆ ಬಾಗಿಲಾಚೆ ನಿಂತಿತ್ತು.

"ನಿನ್ನ ಹತ್ರ ಒಂದು ಕೇಳ್ಬೇಕು," ಎಂದ, ಸಾಕಷ್ಟು ಜೋರಾಗಿಯೇ.

"ಹೂಂ?"

"ಆ ನಾಲ್ಕು ತಿಂಗಳು..." ಎನ್ನುವಾಗ ಅವನ ಧ್ವನಿ ಕೂಗಿನ ಮಟ್ಟಕ್ಕೆ ಏರಿತ್ತು. ಮೆಲ್ಲಗೆ ಕೇಳಲೆಂದು ದಾರಿಯುದ್ದಕ್ಕೂ ತಿದ್ದಿದ್ದ ಪ್ರಶ್ನೆ ಕೂಗಿದರೆ ಜಗಳದ ಹಾಗೆ ಕೇಳಿಸುತ್ತಿತ್ತು. ಅವಳ ಹುಬ್ಬು ಗಂಟಾಯಿತು. ಅವನು ನಿಲ್ಲಿಸಿದ.

ಅವಳು ಕಾದಳು. ನಿಜವಾಗಿ ಕಾದಳು, ಫೋನನ್ನು ಬೋರಲು ಹಾಕಿ. ನಿರೂಪಕ ಮುಂದಿನ ಜೋಡಿಯನ್ನು ಕರೆದ. ಚಪ್ಪಾಳೆ ಬಂತು, ಹೋಯಿತು, ಮತ್ತೆ ಬಂತು.

"ಏನಿಲ್ಲ," ಎಂದ ಗ್ರಾಫಪ್ಪ. "ಒಂಬತ್ತಾದ ಮೇಲೆ ಹೇಳ್ತೀನಿ."

"ಒಂಬತ್ತಕ್ಕೆ ನಾನು ಮಲಗಿರ್ತೀನಿ. ಬೆಳಿಗ್ಗೆ ಅಂಗಡಿ ಬೇಗ ತೆಗೀಬೇಕು." ಅವಳು ಫೋನು ಎತ್ತಿಕೊಂಡು ಎದ್ದಳು. ಒಂದು ಕ್ಷಣ ನಿಂತಳು. "ತಲೆ ಸಿಡೀತಿದೆ ಈ ಸದ್ದಿಗೆ. ನೀವು ಆಫ್ ಮಾಡ್ಬೇಡಿ, ಆಯ್ತಾ?"

"ಇಲ್ಲ."

ಒಳಕೋಣೆಯ ಬಾಗಿಲು ಮುಚ್ಚಿತು. ಸದ್ದು ಒಳಗೆ ಬರದಿರಲಿ ಎಂದು ಅವಳು ಬಾಗಿಲಡಿಗೆ ಒಂದು ಟವೆಲ್ಲನ್ನೂ ತುರುಕಿದಳು. ಅದರ ಅಂಚು ಈ ಕಡೆಗೆ ಇಣುಕಿತು.

ಸ್ವಲ್ಪ ಹೊತ್ತು ಅವನು ಟೀವಿ ನೋಡಿದ. ಆಮೇಲೆ ತಡೆಯಲಾರದೆ ಬಾಲ್ಕನಿಗೆ ಹೋದ.

ಎದುರಿನ ಕಟ್ಟಡದ ಕಿಟಕಿಗಳು ಒಟ್ಟಿಗೆ ಕೆಂಪಾದವು, ಒಟ್ಟಿಗೆ ನೀಲಿಯಾದವು. ಅದರ ಪಕ್ಕದ ಕಟ್ಟಡ, ಅದರಾಚೆಯದು, ಅವೂ. ಎಲ್ಲ ಮನೆಗಳಿಂದ ಒಂದೇ ಚಪ್ಪಾಳೆ, ಕೂದಲೆಳೆಯಷ್ಟು ಹಿಂದೆ ಮುಂದೆ, ಖಾಲಿ ಬೀದಿಯ ಮೇಲೆ ಬೀಳುತ್ತಿತ್ತು. ಅವನು ಕಟಕಟೆಗೆ ಬಾಗಿ ಒಂದೊಂದೇ ಕಿಟಕಿಯೊಳಗೆ ನೋಡಿದ. ಸೋಫಾಗಳು ಕಂಡವು, ಕುರ್ಚಿಗಳು ಕಂಡವು, ಒಂದು ಮನೆಯಲ್ಲಿ ಅರ್ಧ ಕುಡಿದ ಲೋಟ ಕಂಡಿತು. ಕೂತವರು ಯಾರೂ ಇರಲಿಲ್ಲ. ಪ್ರತಿಯೊಂದು ಕೋಣೆಯ ಹಿಂದೆಯೂ ಒಂದು ಮುಚ್ಚಿದ ಬಾಗಿಲಿತ್ತು, ಬಣ್ಣ ಬದಲಾದಾಗಲೆಲ್ಲ ಅದರ ಮೇಲೂ ಬಣ್ಣ ಬದಲಾಗುತ್ತಿತ್ತು.